ಹೊನ್ನಾಳಿಯ ಕೋಣೆಗೆ ಎರಡು ಕಂದು

ಮಧ್ಯಾಹ್ನ ಊಟ ಮುಗಿಸಿ ಚಾಪೆಯ ಮೇಲೆ ಒರಗಿದರೆ ಸಾಕು, ನಾನು ಬಣ್ಣ ಹೊಡೆದ ಕೋಣೆಗಳು ಒಂದೊಂದಾಗಿ ಬರುತ್ತವೆ. ಬ್ರಷ್ಷು ಕೆಳಗಿಟ್ಟ ಮೇಲೆ ಶುರುವಾದದ್ದು ಇದು. ಮನುಷ್ಯರು ಬರುವುದಿಲ್ಲ, ಬರೀ ಕೋಣೆಗಳು. ಜಗಳೂರಿನ ಒಂದು ನಡುಮನೆಯ ಬಾಗಿಲು ದೂಡಿದರೆ ಆಚೆ ನ್ಯಾಮತಿಯ ಅಡುಗೆಮನೆ ಇರುತ್ತದೆ. ಅದರ ಕಿಟಕಿಯಲ್ಲಿ ಇಣುಕಿದರೆ ಚನ್ನಗಿರಿಯ ಯಾವುದೋ ಮಾಳಿಗೆಯ ಮೆಟ್ಟಿಲು ಕಾಣುತ್ತದೆ. ಎಲ್ಲವೂ ಖಾಲಿ. ಸಾಮಾನು ಹೊರಗೆ ಸಾಗಿಸಿ, ನೆಲಕ್ಕೆ ಹಳೇ ಪೇಪರು ಹಾಸಿರುತ್ತದೆ. ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಗೋಡೆಗೆ ಅಂಗೈ ಇಟ್ಟು ನೋಡುತ್ತೇನೆ. ಒಣಗಿರುತ್ತದೆ. "ಚಾ ಆರ್ತೈತೆ, ಏಳ್ರಿ" ಎಂದು ಮನೆಯವಳು ಕೂಗುವವರೆಗೂ ಅಲ್ಲೇ ಸುತ್ತಾಡಿಕೊಂಡಿರುತ್ತೇನೆ.

ಇದನ್ನೆಲ್ಲ ಬರೆಯಬೇಕೆಂದು ಅನ್ನಿಸಿದ್ದು ಮೊನ್ನೆ. ಚನ್ನಗಿರಿ ಬಸ್ ಸ್ಟ್ಯಾಂಡ್ ಹತ್ತಿರದ ಬಣ್ಣದಂಗಡಿಯಲ್ಲಿ ಹೊತ್ತು ಹೋಗಲೆಂದು ಕೂತಿದ್ದೆ. ಈಗಷ್ಟೇ ಕೆಲಸಕ್ಕಿಳಿದ ಪೇಂಟರ್ ಒಬ್ಬ ಎರಡು ಶೇಡ್ ಕಾರ್ಡ್ ಹಿಡಿದು ಬಂದ. ಎರಡೂ ಮಣ್ಣಿನ ಕಡೆಯ ಗಾಢ ಕಂದು. "ಮನಿಯೋರು ಇವೆರಡರಾಗೆ ಯಾವುದು ಅಂತ ತಲಿ ತಿಂತಾವ್ರೆ ಮಲ್ಲಣ್ಣ. ಎರಡೂ ಒಂದೇ ಅಲ್ವೇನ್ರೀ? ಯಾವುದು ಬಳಿದ್ರೇನು?" ಎಂದ. ನನಗೆ ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ಅಂಗಡಿಯಲ್ಲಿ ಜಗಳವಾಡುವ ವಯಸ್ಸು ನನ್ನದಲ್ಲ. ಅದಕ್ಕೇ ಮನೆಗೆ ಬಂದು ಪೆನ್ನು ಹಿಡಿದಿದ್ದೇನೆ.

ನಾನು ಯಾವಾಗ ಮೇಸ್ತ್ರಿಯಾದೆ, ನನ್ನ ಕೈಕೆಳಗೆ ಎಷ್ಟು ಜನರಿದ್ದರು ಎಂಬುದನ್ನು ಕಟ್ಟಿಕೊಂಡು ನಿಮಗೇನಾಗಬೇಕು? ಬಣ್ಣದ ಮಾತು ಹೇಳುತ್ತೇನೆ. ಬಿಳಿ, ತಿಳಿ ಹಸಿರು, ಬಾದಾಮಿ ಬಣ್ಣಗಳನ್ನು ಯಾರು ಬೇಕಾದರೂ ಹೊಡೆಯಬಹುದು. ಅವು ಸಾಧು ಬಣ್ಣಗಳು, ಹೇಳಿದ ಮಾತು ಕೇಳುತ್ತವೆ. ಕಂದು ಹಾಗಲ್ಲ. ಅದರ ಹೊಟ್ಟೆಯಲ್ಲಿ ಯಾವಾಗಲೂ ಇನ್ನೊಂದು ಬಣ್ಣ ಅಡಗಿರುತ್ತದೆ. ಒಂದರಲ್ಲಿ ಕೆಂಪು, ಇನ್ನೊಂದರಲ್ಲಿ ಹಸಿರು, ಮತ್ತೊಂದರಲ್ಲಿ ಬರೀ ಮಸಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತಾರಲ್ಲ, ಕಂದಾಗಿರುವುದೆಲ್ಲ ಮಣ್ಣೂ ಅಲ್ಲ.

ಇದನ್ನು ನನಗೆ ಕಲಿಸಿದವರು ಬಸವಾಪಟ್ಟಣದ ಇಮಾಮ್ ಸಾಬರು. ನನ್ನ ಉಸ್ತಾದ್ ಅವರೇ. ತೆಳ್ಳನೆಯ ಮನುಷ್ಯ, ದನಿ ಎತ್ತಿ ಮಾತಾಡಿದ್ದನ್ನು ನಾನು ಕೇಳಿದ್ದೇ ಕಡಿಮೆ. ಹೊಸ ಮನೆಗೆ ಕೆಲಸಕ್ಕೆ ಹೋದರೆ ಮೊದಲ ದಿನ ಡಬ್ಬಿಯ ಮುಚ್ಚಳ ತೆಗೆಯಲು ಬಿಡುತ್ತಿರಲಿಲ್ಲ. ಸಾಮಾನೆಲ್ಲ ಹೊರಗಿಟ್ಟು, ಖಾಲಿ ಕೋಣೆಯ ನಡುವೆ ನಮ್ಮನ್ನು ಕೂರಿಸುತ್ತಿದ್ದರು. "ಕೈ ಕಟ್ಕೊಂಡು ಕುಂತ್ಕೋ ಮಲ್ಲ. ಬೆಳಕು ಎಲ್ಲಿಂದ ಬರ್ತೈತೆ, ಎಲ್ಲಿಗೆ ಹೋಗ್ತೈತೆ ನೋಡು. ಕೋಣೆ ಕೇಳಿದ ಮೇಲೆ ಬಣ್ಣ ಕೊಡಬೇಕು, ನಾವಾಗೇ ಕೊಡಬಾರ್ದು" ಎನ್ನುತ್ತಿದ್ದರು. ಬೆಳಿಗ್ಗೆ ಮೂಡಲ ಕಿಟಕಿಯಿಂದ ಬಂದ ಬಿಸಿಲು ಗೋಡೆಯಿಂದ ಮೆಲ್ಲಗೆ ಇಳಿದು, ನೆಲದ ಮೇಲೆ ತೆವಳಿಕೊಂಡು, ಮಧ್ಯಾಹ್ನಕ್ಕೆ ಮಾಯವಾಗಿ, ಸಂಜೆ ಪಡುವಲಿಂದ ಮತ್ತೆ ಬರುವುದನ್ನು ನೋಡುತ್ತಾ ಕೂರುವುದು. ನನಗೆ ಮೊದಮೊದಲು ತೂಕಡಿಕೆ ಬರುತ್ತಿತ್ತು. ಬರುಬರುತ್ತಾ ಇಡೀ ಕೆಲಸದಲ್ಲಿ ಆ ಕೂರುವ ದಿನವೇ ಇಷ್ಟವಾಯಿತು. ಮನೆಯವರು ಬಾಗಿಲಲ್ಲಿ ಇಣುಕಿ, ಈ ಸೋಮಾರಿಗಳನ್ನು ಎಲ್ಲಿಂದ ಹಿಡಿದು ತಂದರೋ ಎಂಬಂತೆ ನೋಡಿ ಹೋಗುತ್ತಿದ್ದರು.

ನಮ್ಮ ಮೇಲೊಬ್ಬ ಕಂಟ್ರಾಕ್ಟರ್ ಇದ್ದ. ಅವನಿಗೆ ಇದು ಕಂಡರೆ ಮೈ ಉರಿಯುತ್ತಿತ್ತು. ಒಂದು ದಿನ ಕೋಣೆಗೆ ನುಗ್ಗಿ, "ಏನ್ ಸಾಬ್ರೆ, ಗೋಡೆ ನೋಡಾಕೆ ಪಗಾರ ಕೊಡ್ಬೇಕಾ ನಾನು?" ಎಂದು ರೇಗಿದ. ಸಾಬರು ಕೂತಲ್ಲಿಂದ ಏಳಲಿಲ್ಲ. "ಮದುವಿಗೆ ಮುಂಚೆ ನೀವು ಹೆಣ್ಣು ನೋಡಾಕೆ ಹೋಗಿದ್ರೋ ಇಲ್ಲೋ?" ಎಂದರು. ಅವನು ಗೊಣಗಿಕೊಂಡು ಹೋದ. ಆದರೆ ಬೇರೆಯವರ ಕೈಯಲ್ಲಿ ಅವನ ಕೆಲಸ ನಮ್ಮಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಹಾಗಾಗಿ ಬೈದುಕೊಂಡೇ ನಮ್ಮನ್ನು ಕರೆಯುತ್ತಿದ್ದ.

ಕೂತು ನೋಡದೆ ಅವಸರ ಮಾಡಿದರೆ ಏನಾಗುತ್ತದೆ ಎನ್ನುವುದಕ್ಕೆ ಚನ್ನಗಿರಿಯ ಒಬ್ಬ ಅಡಿಕೆ ಸಾಹುಕಾರರ ಕಥೆ ಹೇಳಬೇಕು. ಹಸಿ ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಗಟ್ಟಿ ಕೆಂಗಂದು ನೀರಿಗೆ ನಮ್ಮಲ್ಲಿ ಚೊಗರು ಎನ್ನುತ್ತಾರೆ. ಅಡಿಕೆಗೆ ಬಣ್ಣ ಬರುವುದು ಅದರಿಂದ. ಸಾಹುಕಾರರಿಗೆ ತಮ್ಮ ಮನೆಯ ಪಡಸಾಲೆಗೆ ಅದೇ ಬಣ್ಣ ಬೇಕಾಗಿತ್ತು. ನಾವು ಕಾವಿ ಸೇರಿಸಿ ತೋರಿಸಿದೆವು, ಕಪ್ಪು ಸೇರಿಸಿ ತೋರಿಸಿದೆವು. "ಹತ್ರ ಬಂತು, ಆದ್ರೆ ಅದಲ್ಲ" ಎನ್ನುವುದೇ ಅವರ ಮಾತು. ಕೊನೆಗೆ ನಾವು ಬುತ್ತಿ ಬಿಚ್ಚಲು ಹೊರಗೆ ಹೋದಾಗ ಅವರೇ ಒಂದು ಚೊಂಬು ಚೊಗರು ತಂದು ನಮ್ಮ ಬಣ್ಣದ ಬಕೆಟ್ಟಿಗೆ ಸುರಿದು ಕಲಸಿಬಿಟ್ಟರು. ಬಕೆಟ್ಟು ಕಬ್ಬಿಣದ್ದು. ಕಬ್ಬಿಣಕ್ಕೂ ಚೊಗರಿಗೂ ಆಗಿಬರುವುದಿಲ್ಲ. ನಮಗೆ ಗೊತ್ತಾಗದೆ ಒಂದು ಗೋಡೆ ಬಳಿದು ಹೋದೆವು. ಬೆಳಿಗ್ಗೆ ಬಂದು ನೋಡಿದರೆ ಗೋಡೆ ಕಾಡಿಗೆ ಹಚ್ಚಿದ ಹಾಗೆ ಕಪ್ಪಾಗಿ ನಿಂತಿತ್ತು.

ಸಾಹುಕಾರರ ಹೆಂಡತಿ ತಲೆಯ ಮೇಲೆ ಕೈ ಹೊತ್ತು, "ಪಡಸಾಲಿ ಮಾಡ್ರಿ ಅಂದ್ರೆ ಇದ್ದಿಲು ಕೋಣಿ ಮಾಡಿದ್ರಲ್ಲ!" ಎಂದರು. ಸಾಹುಕಾರರು ಮೆಲ್ಲಗೆ ಬಾಯಿಬಿಟ್ಟರು. "ಅಡಿಕಿಗೆ ಹಿಡಿಯೋ ಬಣ್ಣ ಗೋಡಿಗೆ ಯಾಕ್ರೀ ಹಿಡಿಯಾಕಿಲ್ಲ?" ಇಮಾಮ್ ಸಾಬರು ಗೋಡೆಯನ್ನು ಮೂಸಿ ನೋಡಿ, "ಗೋಡೆ ಏನು ಅಡಿಕೇನಾ ಸಾಹುಕಾರ್ರೆ, ಹಂಡೆಗೆ ಹಾಕಿ ಬೇಯಿಸಾಕೆ?" ಎಂದರು. ಮನೆಮಂದಿಯೆಲ್ಲ ನಕ್ಕರು, ಸಾಹುಕಾರರೂ ನಕ್ಕರು. ಕೆರೆದು, ಸುಣ್ಣ ಹೊಡೆದು, ಮತ್ತೆ ಬಳಿಯುವಷ್ಟರಲ್ಲಿ ನಮ್ಮ ತೋಳು ಬಿದ್ದುಹೋದವು. ನನ್ನ ಮಧ್ಯಾಹ್ನದ ನಿದ್ದೆಯಲ್ಲಿ ಆ ಪಡಸಾಲೆ ಬಂದರೆ ಮೊದಲು ಚೊಗರಿನ ಒಗರು ವಾಸನೆ ಬರುತ್ತದೆ, ಆಮೇಲೆ ಗೋಡೆ ಬರುತ್ತದೆ.

ಸೂರಗೊಂಡನಕೊಪ್ಪದ ಒಂದು ಮನೆಯೂ ಹೀಗೇ ಬರುತ್ತದೆ. ಅಲ್ಲೊಬ್ಬ ಲಂಬಾಣಿ ಅಜ್ಜಿ ಶೇಡ್ ಕಾರ್ಡನ್ನು ಕಣ್ಣೆತ್ತಿಯೂ ನೋಡಲಿಲ್ಲ. ಪೆಟ್ಟಿಗೆಯಿಂದ ಕನ್ನಡಿ ಹೊಲಿದ ತನ್ನ ಹಳೆಯ ಲಂಗ ತೆಗೆದು, ನಾನು ಗೋಡೆಗೆ ಹಚ್ಚಿದ ಒಂದೊಂದು ಬಣ್ಣದ ಮುಂದೆಯೂ ಹಿಡಿದು ಹಿಡಿದು ನೋಡಿದಳು. ಒಂದು ಮಣ್ಣುಗೆಂಪಿನ ಮುಂದೆ ಹಿಡಿದಾಗ ಕನ್ನಡಿಗಳ ಬೆಳಕು ಚಾವಣಿಗೆಲ್ಲ ಚೆಲ್ಲಿತು. "ಹಾಂ, ಈ ಬಣ್ಣದ ಮುಂದೆ ನನ್ನ ಲಂಗ ನಗ್ತೈತೆ" ಎಂದಳು. ಅಷ್ಟು ಸರಿಯಾದ ಪರೀಕ್ಷೆಯನ್ನು ನಾನು ಆಮೇಲೆ ಎಲ್ಲೂ ನೋಡಲಿಲ್ಲ.

ಆಮೇಲೆ ಮಿಶನ್ ಬಂತು. ಗುಂಡಿ ಒತ್ತಿದರೆ ಬೇಕಾದ ಬಣ್ಣ ತಾನೇ ಬೆರೆತು ಬರುತ್ತದೆ. ನಾನು ಅದನ್ನು ಬೈಯುವವನಲ್ಲ, ಅದರಿಂದ ನನ್ನ ಸೊಂಟ ಉಳಿಯಿತು. ಆದರೆ ಒಂದು ವಿಷಯ ನಮ್ಮಂಥ ಹಳಬರ ಕಣ್ಣನ್ನು ತಲೆಕೆಳಗು ಮಾಡಿತು. ಹಿಂದಿನ ಡಿಸ್ಟೆಂಪರ್ ಹಸಿಯಲ್ಲಿ ಗಾಢವಾಗಿ ಕಂಡು, ಒಣಗಿದ ಮೇಲೆ ತಿಳಿಯಾಗುತ್ತಿತ್ತು. ಈಗಿನ ಎಮಲ್ಷನ್ ಹಸಿಯಲ್ಲಿ ತಿಳಿ, ಒಣಗಿದರೆ ಗಾಢ. ಹಸಿ ಗೋಡೆ ನೋಡಿ ತೀರ್ಮಾನ ಹೇಳುವವರು ಆಗಲೂ ಮೋಸ ಹೋದರು, ಈಗಲೂ ಹೋಗುತ್ತಾರೆ. ಕಾರ್ಡಿನ ಮೇಲಿನ ಇಂಗ್ಲಿಷ್ ಹೆಸರುಗಳಂತೂ ನಮ್ಮ ಜನರ ಬಾಯಲ್ಲಿ ನಿಲ್ಲಲಿಲ್ಲ. ಅವರು ಬೆಲ್ಲದ ಪಾಕ ಎಂದರು, ಕಾಫಿ ಚರಟ ಎಂದರು, ಹಳೇ ಹುಣಸೆಹಣ್ಣು ಎಂದರು. ನನಗೆ ಆ ಹೆಸರುಗಳೇ ಚೆನ್ನಾಗಿ ಅರ್ಥವಾಗುತ್ತಿದ್ದವು.

ಹುರಿದ ರಾಗಿ ಎಂದವರು ಹೊನ್ನಾಳಿಯ ಶಾರದಮ್ಮ. ಅವರ ಯಜಮಾನರು ಹಾಲೇಶಪ್ಪ. ಪಂಪ್‌ಸೆಟ್ ಮೋಟರ್‌ಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟವರು. ಮನೆ ಕಟ್ಟಿಸಿದಾಗ ಒಂದು ಕೋಣೆಯ ಬಣ್ಣವನ್ನು ಮಾತ್ರ ಶಾರದಮ್ಮ ತಾವೇ ಆರಿಸುತ್ತೇನೆ ಎಂದರು. ಬಂಧುಬಳಗವೆಲ್ಲ ಮಲಗುವ ಕೋಣೆಗೆ ಇಂಥ ಕತ್ತಲು ಬಣ್ಣವೇ ಎಂದು ಮೂಗು ಮುರಿದರೂ ಅವರು ಜಗ್ಗಲಿಲ್ಲ. ರಾಗಿ ಹುರಿಯುತ್ತಾ ಹುರಿಯುತ್ತಾ ಇನ್ನೇನು ಸೀಯಬೇಕು ಎನ್ನುವಾಗ ಬರುವ ಬಣ್ಣ ಅದು. ಹಳದಿ ಮಣ್ಣು, ಕಾವಿ, ಕಪ್ಪು, ಒಂದು ಚೂರು ಹಸಿರು ಹಾಕಿ ನಾನೇ ಕೈಯಲ್ಲಿ ಕಲಸಿದ್ದೆ. ಮಕ್ಕಳಿಲ್ಲದ ಮನೆ. ಇಬ್ಬರೇ ಇದ್ದರು. ಕೆಲವು ವರ್ಷಗಳ ಕೆಳಗೆ ಶಾರದಮ್ಮ ಕಾಯಿಲೆಯಾಗಿ ತೀರಿಕೊಂಡರು.

ನಾನು ಕೆಲಸ ಬಿಡುವ ಮುಂಚಿನ ಬೇಸಿಗೆಯಲ್ಲಿ ಹಾಲೇಶಪ್ಪನವರು ಫೋನ್ ಮಾಡಿದರು. ಹಿರಿಯರೆಲ್ಲ ಸೇರಿ ಅವರಿಗೆ ಇನ್ನೊಂದು ಮದುವೆ ಮಾಡಲು ಮಾತಾಡಿದ್ದರು. ಹೆಣ್ಣು ಜಗಳೂರಿನ ಕಡೆಯ ಸೊಕ್ಕೆ ಎಂಬ ಊರಿನವರು, ಹೆಸರು ರತ್ನಮ್ಮ. ಅವರಿಗೂ ಗಂಡ ಹೋಗಿ ಬಹಳ ಕಾಲವಾಗಿತ್ತು. ಹಾಸ್ಟೆಲ್ ಒಂದರಲ್ಲಿ ಅಡುಗೆ ಮಾಡಿಕೊಂಡು, ಅಣ್ಣನ ಮನೆಯಲ್ಲಿ ಇದ್ದರು. ಅವರು ಮನೆ ನೋಡಲು ಬರುವವರಿದ್ದರು. "ಆ ಕೋಣೆಗೆ ಒಂದು ಕೈ ಬಣ್ಣ ಹೊಡೀಬೇಕು ಮಲ್ಲಣ್ಣ. ಅದೇ ಬಣ್ಣ. ಒಂದು ಚೂರೂ ಬದಲಾಗಬಾರ್ದು" ಎಂದರು ಹಾಲೇಶಪ್ಪ.

ಹೋಗಿ ನೋಡಿದರೆ ಗೋಡೆಗಳೆಲ್ಲ ಮಾಸಿದ್ದವು. ಬೀರು ಸರಿಸಿದಾಗ ಅದರ ಹಿಂದೆ ಮೊದಲಿನ ಬಣ್ಣ ಹಾಗೇ ಉಳಿದಿತ್ತು. ಅದಕ್ಕೆ ಸರಿಹೊಂದುವ ಹಾಗೆ ಹೊಸ ಬಣ್ಣ ತಯಾರಿಸಿ, ಮೂಡಲ ಗೋಡೆಗೆ ಅಂಗೈ ಅಗಲ ಹಚ್ಚಿ ಒಣಗಲು ಬಿಟ್ಟೆ. ಅಷ್ಟರಲ್ಲಿ ಮಧ್ಯಾಹ್ನದ ಬಸ್ಸಿಗೆ ರತ್ನಮ್ಮನೂ ಅವರ ಅಣ್ಣ ತಿಪ್ಪೇಸ್ವಾಮಿಯೂ ಬಂದರು.

ಗಂಡಸರಿಬ್ಬರು ಹೊರಗೆ ಮಂಡಕ್ಕಿ ತಿನ್ನುತ್ತಾ ಕೂತಾಗ ರತ್ನಮ್ಮ ಒಬ್ಬರೇ ಮನೆ ನೋಡುತ್ತಾ ಈ ಕೋಣೆಗೆ ಬಂದರು. ನನ್ನ ವಯಸ್ಸು ನೋಡಿ ಸೆರಗು ಸರಿಮಾಡಿಕೊಂಡರು. ಗೋಡೆಯ ಮುಂದೆ ಬಹಳ ಹೊತ್ತು ನಿಂತರು.

"ಅಣ್ಣಾರೆ, ಇದು ಅವರ ಬಣ್ಣಾನಾ?"

"ಹೌದಮ್ಮ. ಶಾರದಮ್ಮಾರು ಆರಿಸಿದ್ದು."

"ಭಾಳ ಚೆಂದೈತೆ. ಆದ್ರೆ ಇದರಾಗೆ ನನಗೆ ಇರಾಕೆ ಆಗಾಕಿಲ್ಲ."

ನಾನು ಎಲ್ಲರೂ ಹೇಳುವುದನ್ನೇ ಹೇಳಿದೆ. "ಹಂಗಾದ್ರೆ ಬಿಳಿ ಹೊಡಿಯಾಣ ಬಿಡ್ರಿ. ಇಲ್ಲಾ ತಿಳಿ ಹಳದಿ."

"ಬ್ಯಾಡ್ರಿ. ಬಿಳಿ ಹೊಡೆದ್ರೆ ಅವರನ್ನ ಒರೆಸಿ ಹಾಕಿದಂಗೆ ಆಗ್ತೈತೆ. ಆ ಪಾಪ ನನಗ್ಯಾಕೆ? ಇದೇ ಇದ್ರೆ ನಾನು ಅವರ ಕೋಣಿಗೆ ಬಂದ ನೆಂಟಳು. ಇದರ ಪಕ್ಕದ್ದು ಒಂದು ಐತಾ ನೋಡ್ರಿ. ಇದಕ್ಕೆ ತಂಗಿಯಂಥದ್ದು. ನಮ್ಮ ಕಡೆ ಹೊಲ ಹೂಡಿದ ಮೇಲೆ ಹೊತ್ತು ಮುಳುಗೋ ಮುಂದೆ ಒಂದು ಬಣ್ಣ ಕಾಣ್ತೈತಲ್ಲ, ಹಂಗೆ."

ಇಷ್ಟು ವರ್ಷ ಜನ ನನಗೆ ಬಣ್ಣ ಹೇಳಿದ್ದಾರೆ, ಯಾರೂ ಹೀಗೆ ಹೇಳಿರಲಿಲ್ಲ. ನಾನು ಒಂದು ಮಗ್ಗಿನಲ್ಲಿ ಅದೇ ಬಣ್ಣ ತೆಗೆದುಕೊಂಡು, ಅದಕ್ಕೆ ಮಣ್ಣುಗೆಂಪು ಬೆರೆಸುತ್ತಾ ಹೋದೆ. ಮೊದಲನೆಯದರ ಪಕ್ಕದಲ್ಲೇ ಹಚ್ಚಿದೆ. ರತ್ನಮ್ಮ ಹಾಲೇಶಪ್ಪನವರನ್ನು ಕರೆದು ತಮ್ಮ ಮನಸ್ಸಿನಲ್ಲಿದ್ದದ್ದನ್ನು ನೇರವಾಗಿ ಹೇಳಿದರು.

ಹಾಲೇಶಪ್ಪನವರ ಮುಖ ಗಂಟಾಯಿತು. "ಎರಡೂ ಒಂದೇ ಐತಲ್ರೀ! ಒಂದೇ ಅಂದಮೇಲೆ ಅವಳು ಆರಿಸಿದ್ದೇ ಇರ್ಲಿ. ಅವಳದು ಅಂತ ಈ ಮನಿಯಾಗೆ ಉಳಿದಿರೋದು ಅದೊಂದೇ" ಎಂದರು. ಅವರ ಹಿಂದೆಯೇ ಒಳಗೆ ಬಂದಿದ್ದ ತಿಪ್ಪೇಸ್ವಾಮಿ ಟವಲ್ ಕೊಡವಿ ಹೆಗಲಿಗೆ ಹಾಕಿಕೊಂಡ. "ನೋಡ್ರಿ, ಸಂಜಿ ಬಸ್ಸಿಗೆ ನಾವು ಹೋಗ್ತೀವಿ. ಅಷ್ಟರೊಳಗೆ ಒಂದು ಮಾತು ಹೇಳ್ರಿ. ಇವಳನ್ನ ಈ ಸಂಬಂಧಕ್ಕೆ ಒಪ್ಪಿಸಬೇಕಾದ್ರೆ ನನಗೆ ಸಾಕುಸಾಕಾಗೈತೆ. ಇದು ತಪ್ಪಿದ್ರೆ ಇನ್ನೊಂದು ಮನಿ ನೋಡಾಕೆ ಅವಳು ಬರೋಳಲ್ಲ." ರತ್ನಮ್ಮ ಅವನನ್ನು ತಡೆಯಲಿಲ್ಲ. ಅದು ನಿಜವೇ ಇತ್ತು ಎಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು.

ನನಗೆ ತಡೆಯಲಾಗಲಿಲ್ಲ. ಎರಡು ಒಳ್ಳೆಯ ಜೀವಗಳು ಬರೀ ಹಸಿ ಬಣ್ಣ ನೋಡಿ ಒಂದಕ್ಕೊಂದು ಕೈತಪ್ಪಿ ಹೋಗುತ್ತಿವೆಯಲ್ಲ ಎಂದು ಸಂಕಟವಾಯಿತು. "ಹಾಲೇಶಪ್ಪಾರೆ, ಬಣ್ಣ ಇನ್ನೂ ಒಣಗಿಲ್ಲ. ಬಸ್ಸಿಗೂ ಹೊತ್ತೈತೆ. ಎಲ್ಲರೂ ಇಲ್ಲೇ ಸುಮ್ಮನೆ ಕುಂತ್ಕಳ್ರಿ" ಎಂದೆ. ಯಾಕೆ ಎಂದು ಯಾರೂ ಕೇಳಲಿಲ್ಲ. ಬೇಸಿಗೆಯ ಸೆಕೆಗೆ ಎಲ್ಲರೂ ದಣಿದಿದ್ದರು. ಖಾಲಿ ಕೋಣೆಯ ತಣ್ಣನೆಯ ನೆಲದ ಮೇಲೆ ಗೋಡೆಗೆ ಒರಗಿ ಕೂತೆವು.

ಆ ಮಧ್ಯಾಹ್ನ ನನಗೆ ಈಗಲೂ ಕನಸೋ ನನಸೋ ಗೊತ್ತಾಗುವುದಿಲ್ಲ. ತಿಪ್ಪೇಸ್ವಾಮಿಗೆ ಜೊಂಪು ಹತ್ತಿತು. ಎಲ್ಲೋ ಹಿಟ್ಟಿನ ಗಿರಣಿ ಓಡುತ್ತಿತ್ತು, ನಿಂತಿತು. ಗೋಡೆಯ ಮೇಲಿನ ಎರಡು ಬಣ್ಣಗಳೂ ಮೆಲ್ಲಗೆ ಗಾಢವಾಗುತ್ತಾ ಒಂದೇ ಎನ್ನುವಷ್ಟು ಹತ್ತಿರ ಬಂದವು. ಎಷ್ಟೋ ಹೊತ್ತಿನ ಮೇಲೆ ಪಡುವಲ ಕಿಟಕಿಯ ಸರಳುಗಳ ನೆರಳು ನೆಲಕ್ಕೆ ಬಿತ್ತು. ಬಿಸಿಲು ನಮ್ಮ ಪಾದಗಳನ್ನು ಮುಟ್ಟಿ, ರತ್ನಮ್ಮನ ಸೀರೆಯ ಅಂಚನ್ನು ದಾಟಿ, ಮೂಡಲ ಗೋಡೆಯನ್ನು ಹತ್ತಿತು.

ಆಗ ಎರಡೂ ಬೇರೆಯಾದವು. ಶಾರದಮ್ಮನ ಬಣ್ಣ ಬೆಳಕನ್ನು ತನ್ನೊಳಗೆ ಎಳೆದುಕೊಂಡು, ತಳದಲ್ಲಿದ್ದ ಹಸಿರನ್ನು ತೋರಿಸಿ, ತಂಪಾಗಿ ಒಳಕ್ಕೆ ಸರಿಯಿತು. ರತ್ನಮ್ಮನದು ಬೆಚ್ಚಗೆ ಕೆಂಪಾಗಿ ಮುಂದೆ ಬಂತು. ಎರಡೂ ಎಷ್ಟು ಚೆಲುವಾಗಿದ್ದವೆಂದರೆ ನಾನು ಕೆಲಸಗಾರ ಎಂಬುದನ್ನೇ ಮರೆತು ನೋಡುತ್ತಾ ಕೂತೆ.

ಹಾಲೇಶಪ್ಪನವರು ಎದ್ದು ಗೋಡೆಯ ಹತ್ತಿರ ಹೋದರು. "ಇದು ಯಾವಾಗ್ಲಿಂದ ಹಿಂಗೆ ಕಾಣ್ತೈತೆ ಮಲ್ಲಣ್ಣ?"

"ಮೊದಲಿಂದಾನೂ ಹಿಂಗೇ. ಈ ಹೊತ್ತಿಗೆ ದಿನಾ ಹಿಂಗೇ ಇರ್ತಿತ್ತು."

ಅವರು ಶಾರದಮ್ಮನ ಬಣ್ಣದ ಮೇಲೆ ಅಂಗೈ ಇಟ್ಟರು. "ನಾನು ನೋಡೇ ಇಲ್ಲ. ನಾನು ಅಂಗಡಿ ಮುಚ್ಚಿ ಬರೋದ್ರೊಳಗೆ ಅವಳು ಟ್ಯೂಬ್‌ಲೈಟ್ ಹಾಕಿರ್ತಿದ್ಲು. ಅದೇ ಬಣ್ಣ, ಅದೇ ಬಣ್ಣ ಅಂತೀನಿ, ನನಗೆ ಗೊತ್ತಿದ್ದಿದ್ದು ಟ್ಯೂಬ್‌ಲೈಟಿನ ಬಣ್ಣ. ಅವಳಿಗೆ ಕಾಣ್ತಿದ್ದಿದ್ದು ಇದು. ಒಂದು ದಿನಾನಾದ್ರೂ ಬಂದು ಪಕ್ಕದಾಗೆ ಕೂರಲಿಲ್ಲ" ಎಂದು ಗೋಡೆಗೆ ಹಣೆ ಹಚ್ಚಿ ಅತ್ತುಬಿಟ್ಟರು. ಐವತ್ತು ದಾಟಿದ ಗಂಡಸು ಹಾಗೆ ಅಳುವುದನ್ನು ನೋಡಿ ನನ್ನ ಕಣ್ಣೂ ತುಂಬಿತು. ತಿಪ್ಪೇಸ್ವಾಮಿ ಎಚ್ಚರವಾಗಿ, ಏನಾಯಿತೆಂದು ತಿಳಿಯದೆ ನಮ್ಮನ್ನೆಲ್ಲ ನೋಡಿದ.

ಹಾಲೇಶಪ್ಪನವರು ಮುಖ ಒರೆಸಿಕೊಂಡು ರತ್ನಮ್ಮನ ಕಡೆ ತಿರುಗಿದರು. "ನೀವು ಹೇಳಿದ್ದೇ ಹೊಡಿಸ್ತೀನ್ರಿ. ನನ್ನದೇನೂ ಇಲ್ಲ."

ರತ್ನಮ್ಮ ಕೂತಲ್ಲಿಂದಲೇ ಅವರನ್ನು ನೋಡಿದರು. "ಬಣ್ಣದ ಮಾತು ಆಮೇಲೆ ಆಡಾಣ. ದಿನಾ ಈ ಹೊತ್ತಿಗೆ ಮನಿಗೆ ಬರ್ತೀರಾ?"

ಹಾಲೇಶಪ್ಪನವರು ಒಮ್ಮೆ ಗೋಡೆ ನೋಡಿದರು, ಒಮ್ಮೆ ಅವರನ್ನು ನೋಡಿದರು.

"ಬರ್ತೀನಿ" ಎಂದರು.

"ಹಂಗಾದ್ರೆ ಮುಂದಿನ ಮಾತು ಆಡು ಅಣ್ಣಯ್ಯ" ಎಂದು ರತ್ನಮ್ಮ ಎದ್ದು, ಎಲ್ಲರಿಗೂ ಚಾ ಮಾಡಲು ಆ ಮನೆಯ ಅಡುಗೆಮನೆಗೆ ಹೋದರು. ಹೋಗುತ್ತಾ ನನಗೆ, "ತಂಗೀದು ಹೊಡಿರಿ ಅಣ್ಣಾರೆ" ಎಂದರು. ಮರುದಿನದಿಂದ ನಾನು ಅದನ್ನೇ ಹೊಡೆದೆ. ಬೀರುವಿನ ಹಿಂದಿನ ಜಾಗವನ್ನು ಮಾತ್ರ ಮುಟ್ಟಬೇಡಿ ಎಂದು ರತ್ನಮ್ಮನೇ ಹೇಳಿ ಕಳಿಸಿದ್ದರು.

ಎರಡು ಕಂದು ಬಣ್ಣಗಳಲ್ಲಿ ಯಾವುದು ಎಂದು ಯಾರಾದರೂ ತಲೆ ತಿಂದರೆ ಬೇಸರಪಡಬೇಡಿ. ಆ ಕೋಣೆಯಲ್ಲಿ ಯಾರು ಯಾವ ಹೊತ್ತಿನಲ್ಲಿ ಇರುತ್ತಾರೆ ಎಂದು ಮೊದಲು ಕೇಳಿ. ಆಮೇಲೆ ಎರಡನ್ನೂ ಅದೇ ಗೋಡೆಗೆ ಹಚ್ಚಿ, ಒಣಗಿಸಿ, ಆ ಹೊತ್ತಿಗೆ ಅವರ ಜೊತೆ ಕೂತು ನೋಡಿ. ಇಷ್ಟು ಹೇಳಲು ಮಿಶನ್ನಿಗೆ ಬರುವುದಿಲ್ಲ.

ಈಚೆಗೊಮ್ಮೆ ನ್ಯಾಮತಿಯಲ್ಲಿ ಒಂದು ಮದುವೆ ಮುಗಿಸಿಕೊಂಡು ಬರುವಾಗ ಹೊನ್ನಾಳಿಯಲ್ಲಿ ಇಳಿದೆ. ಹೊತ್ತು ಇನ್ನೂ ಮುಳುಗಿರಲಿಲ್ಲ, ಬೀದಿ ತುಂಬ ಹಳದಿ ಬಿಸಿಲಿತ್ತು. ಸಾಲು ಅಂಗಡಿಗಳೆಲ್ಲ ತೆರೆದಿದ್ದವು. ಹಾಲೇಶಪ್ಪನವರ ಅಂಗಡಿಯ ಶಟರ್ ಮಾತ್ರ ಇಳಿದಿತ್ತು. ಅದರ ಮುಂದೆ ಸುಟ್ಟ ಮೋಟರ್ ಇಳಿಸಿಕೊಂಡು ನಿಂತಿದ್ದವನೊಬ್ಬ ನನ್ನನ್ನು ನೋಡಿ, "ಇನ್ನೂ ಇಷ್ಟು ಹೊತ್ತೈತೆ, ಇವನೇನ್ರೀ ದಿನಾ ಹಿಂಗೇ ಬಾಗಿಲು ಹಾಕ್ಕೊಂಡು ಹೋಗ್ತಾನೆ! ಯಾಪಾರ ಮಾಡೋ ಮನುಷ್ಯನಾ ಇವನು?" ಎಂದು ಬೈದ. ಮನೆಗೆ ಹೋಗಿ ಇಬ್ಬರನ್ನೂ ಮಾತಾಡಿಸಿಕೊಂಡು ಬರೋಣವೆಂದು ನಾಲ್ಕು ಹೆಜ್ಜೆ ಇಟ್ಟೆ. ಆ ಹೊತ್ತಿನಲ್ಲಿ ಹೋಗುವುದು ಬೇಡ ಎನ್ನಿಸಿ, ತಿರುಗಿ ಬಂದು ಚನ್ನಗಿರಿ ಬಸ್ಸು ಹತ್ತಿದೆ.